ಪರದೆ ತುಂಬುವ ಮೊದಲು

ಪೀಣ್ಯದ ಆ ಪಂಪು ಕಾರ್ಖಾನೆಗೆ ನನ್ನನ್ನು ಕರೆಸಿದ್ದು ಕಳ್ಳಾಟ ಹಿಡಿಯಲಿಕ್ಕೆ. ಇಸವಿ ಎರಡು ಸಾವಿರ ದಾಟಿದ ಮೊದಲ ವರ್ಷಗಳು. ಅಲ್ಲಿನ ಪರೀಕ್ಷಾ ಮೇಜುಗಳಿಗೆ ಕಂಪ್ಯೂಟರ್ ಜೋಡಿಸಿಕೊಟ್ಟವನು ನಾನೇ. ಚಿತ್ರವಿಲ್ಲ, ಮೌಸ್ ಇಲ್ಲ, ಕಪ್ಪು ಪರದೆಯ ಮೇಲೆ ಬರೀ ಅಕ್ಷರ. ಪಂಪು ಓಡುತ್ತಿದ್ದಂತೆ ಒಂದೊಂದು ಅಳತೆಯೂ ಒಂದೊಂದು ಸಾಲಾಗಿ ಮೂಡಬೇಕು. ಸಾಲು ಪೂರ್ತಿ ಮೂಡುವವರೆಗೆ ಮುಂದಿನ ಅಳತೆ ಶುರುವಾಗುವುದಿಲ್ಲ.

“ಆಯಮ್ಮನ ಮೇಜಲ್ಲಿ ಮಾತ್ರ ಪಂಪು ಬೇಗ ಬೇಗ ಮುಗೀತವೆ ಗುರು,” ಎಂದರು ಸೂಪರ್‌ವೈಸರ್. “ಮಧ್ಯ ಮಧ್ಯ ಪರದೆ ಅಳಿಸ್ಬಿಡ್ತಾಳೆ. ಏನೋ ಟೆಸ್ಟು ಹಾರಿಸ್ತಾಳೆ ಕಣಪ್ಪ. ನೀನು ಹಿಡ್ಕೊಡು, ನಾಳೇನೇ ಗೇಟಾಚೆ ಕಳಿಸ್ತೀನಿ.”

ಆಯಮ್ಮ ಎಂದರೆ ಕೊನೆಯ ಮೇಜಿನಲ್ಲಿ ಪಂಪು ಪರೀಕ್ಷಿಸುವ ಅಕ್ಕ, ಕೊಪ್ಪಳದ ಕಡೆಯವರು. ನಾಗಸಂದ್ರದಲ್ಲಿ ಬಾಡಿಗೆ ಕೋಣೆ. ಅವರ ಮೇಜಿನ ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂತೆ. ಅಕ್ಕ ನನ್ನತ್ತ ತಿರುಗಲೂ ಇಲ್ಲ. ಪರದೆ ತುಂಬಲು ಒಂದೆರಡು ಸಾಲು ಬಾಕಿ ಎನ್ನುವಾಗ ಟಪ್ಪೆಂದು ಕೀ ಒತ್ತಿದರು. ಪರದೆ ಖಾಲಿ. ಅಳತೆಗಳು ಮತ್ತೆ ಮೇಲಿನಿಂದ ಸರಸರ ಇಳಿದವು. ನಾನು ಕಾಗದದಲ್ಲಿ ಗೀಟು ಹಾಕುತ್ತಾ ಎಣಿಸಿದೆ. ಒಂದೂ ತಪ್ಪಿರಲಿಲ್ಲ!

“ಯಾಕಕ್ಕಾ ಅಳಿಸ್ತೀರಿ?”

“ತುಂಬಿತಂದ್ರ ತೆವಳಾಕ ಹತ್ತತೈತ್ರಿ ಸರ. ಖಾಲಿ ಇದ್ರ ಓಡ್ತೈತ್ರಿ. ಅದಕ್ಕ ಅಳಸತೀನ್ರಿ. ತಪ್ಪೇನ್ರಿ?”

ಅಯ್ಯೋ, ನನ್ನ ಬುದ್ಧಿಗಿಷ್ಟು! ‘ನಿಧಾನ’ ಎಂಬ ದೂರು ಬಂದಾಗಲೆಲ್ಲ ಹಳೇ ಕಂಪ್ಯೂಟರನ್ನು ಬೈದು ಕೈ ತೊಳೆದುಕೊಳ್ಳುತ್ತಿದ್ದೆ. ಪರದೆ ತುಂಬಿದ ಮೇಲೆ ಹೊಸ ಸಾಲಿಗೆ ಜಾಗ ಬೇಕಲ್ಲ. ನಾನು ಬರೆದ ಡ್ರೈವರ್, ಅಂದರೆ ಪರದೆಗೆ ಅಕ್ಷರ ಕಳಿಸುವ ಪ್ರೋಗ್ರಾಂ, ಇದ್ದ ಅಕ್ಷರಗಳನ್ನೆಲ್ಲ ಪರದೆ ನಡೆಸುವ ಡಿಸ್‌ಪ್ಲೇ ಕಾರ್ಡಿನಿಂದ ಒಂದೊಂದಾಗಿ ಓದಿ, ಒಂದು ಸಾಲು ಮೇಲಕ್ಕೆ ಮತ್ತೆ ಬರೆಯುತ್ತಿತ್ತು. ಆ ಕಾರ್ಡಿಗೆ ಬರೆಯುವುದು ಬೇಗ, ಅದರಿಂದ ಓದುವುದು ಮಹಾ ನಿಧಾನ. ಇದು ನನಗೆ ಹೊಳೆದೇ ಇರಲಿಲ್ಲ. ಊಟ ಮರೆತು ತಿದ್ದಲು ಕೂತೆ. ಪರದೆಯ ನಕಲೊಂದನ್ನು ಕಂಪ್ಯೂಟರಿನ ಮೆಮೊರಿಯಲ್ಲೇ ಇಟ್ಟುಕೊಂಡು, ಓದುವುದನ್ನೆಲ್ಲ ಅಲ್ಲಿಂದಲೇ ಓದಿ, ಬದಲಾದ ಅಕ್ಷರಗಳನ್ನಷ್ಟೇ ಕಾರ್ಡಿಗೆ ಕಳಿಸಿದೆ. ಸಂಜೆ ಹೊತ್ತಿಗೆ ತುಂಬಿದ ಪರದೆಯೂ ಎಲ್ಲ ಮೇಜುಗಳಲ್ಲಿ ಓಡತೊಡಗಿತು.

ಖುಷಿಗೆ ಇಂಗ್ಲಿಷಿನಲ್ಲಿ ಎರಡು ಪುಟ ವರದಿ ಬರೆದೆ. ಸೂಪರ್‌ವೈಸರ್‌ಗೆ ಕೊಡುವ ಮುಂಚೆ ಅಕ್ಕನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಕೊನೆಯವರೆಗೂ ಕೇಳಿಸಿಕೊಂಡರು.

“ಎಲ್ಲಾ ಚಲೋ ಐತ್ರಿ ಸರ. ನಾ ಟೆಸ್ಟ್ ಬಿಟ್ಟಿಲ್ಲ ಅಂತ ಎಲ್ಲಿ ಬರದೀರಿ?”

ಎಲ್ಲೂ ಬರೆದಿರಲಿಲ್ಲ. ಕಾರ್ಡು, ಮೆಮೊರಿ, ನನ್ನ ಜಾಣತನ, ಅಷ್ಟೇ. ಅಲ್ಲೇ ಪೆನ್ನು ತೆಗೆದು, ಮೊದಲ ಪುಟದ ಮೇಲ್ತುದಿಯಲ್ಲಿ, ಈ ಸಲ ಕನ್ನಡದಲ್ಲೇ ಬರೆದೆ: ಇವರು ಒಂದು ಪರೀಕ್ಷೆಯನ್ನೂ ಬಿಟ್ಟಿಲ್ಲ, ದೋಷ ನನ್ನದು, ಅದನ್ನು ಮೊದಲು ಕಂಡವರು ಇವರು.

ಅಕ್ಕ ಅದನ್ನು ಎರಡು ಸಲ ಓದಿಕೊಂಡರು. ವರದಿಯನ್ನು ನನ್ನ ಕೈಗೆ ವಾಪಸ್ ಕೊಡದೆ, ತಾವೇ ಸೂಪರ್‌ವೈಸರ್ ಕೋಣೆಗೆ ನಡೆದರು.