ಲಕ್ಷ್ಮಮ್ಮ ನೆಲ ಕೇಳಿದರು

ಗೆಳೆಯರೇ, ಇವತ್ತು ನನ್ನ ಯೋಗ ಕ್ಲಾಸಿನಲ್ಲಿ ಒಂದೇ ಒಂದು ಸೂರ್ಯನಮಸ್ಕಾರವೂ ಆಗಲಿಲ್ಲ.

ಸಾದಲಿ ಹಳ್ಳಿಯಿಂದ ಬರುವ ಲಕ್ಷ್ಮಮ್ಮನವರದು ಭಾರಿ ಮೈ, ಮಂಡಿ ಬಗ್ಗುವುದಿಲ್ಲ. ಒಂದು ವರ್ಷದಿಂದ ಎಲ್ಲ ಆಸನಗಳನ್ನೂ ಕುರ್ಚಿಯ ಮೇಲೆಯೇ ಮಾಡಿಸುತ್ತಿದ್ದೇನೆ. ಇವತ್ತು ಕ್ಲಾಸು ಶುರುವಾಗುವ ಮುಂಚೆಯೇ, "ಮೇಡಂ, ನಾನೂ ಒಂದ್ಸಲ ಕೆಳಗೆ ಮಲಗ್ತೀನಿ" ಎಂದರು.

ಕ್ಲಾಸಿನಲ್ಲೇ ಶಿಸ್ತಿಗೆ ಹೆಸರಾದ ಶಿಷ್ಯೆ ಗೀತಾ ಸಿಡುಕಿದಳು: "ಮಲಗ್ಸಿದ್ರೆ ಎಬ್ಬಿಸೋರ್ಯಾರು ಮೇಡಂ? ಕ್ಲಾಸೆಲ್ಲ ಇದಕ್ಕೇ ಹೋಗುತ್ತೆ."

ಹೋಯಿತು. ನಾಲ್ಕು ಜನ ಹಿಡಿದು ಮೊದಲು ಬೆಂಚಿಗೆ, ಅಲ್ಲಿಂದ ದಿಂಬಿಗೆ, ಆಮೇಲೆ ಚಾಪೆಗೆ ಇಳಿಸಿದೆವು. ಬೆನ್ನು ನೆಲಕ್ಕೆ ತಾಗಿದ್ದೇ ಲಕ್ಷ್ಮಮ್ಮ ಕಣ್ಣು ಮುಚ್ಚಿದರು.

"ಆ ಫ್ಯಾನ್ ನಿಲ್ಸಮ್ಮ ಗೀತಾ. ಹುಳದ ಮನೇಲಿ ತಟ್ಟೆಗಳ ಪಕ್ಕ ಹಿಂಗೇ ಮಲಗ್ತಿದ್ದೆ. ರಾತ್ರಿಯೆಲ್ಲ ರೇಷ್ಮೆ ಹುಳ ಸೊಪ್ಪು ತಿನ್ನೋ ಸದ್ದು, ಸಣ್ಣ ಮಳೆ ಥರ."

ಗೀತಾ ಫ್ಯಾನ್ ಆರಿಸಿದಳು. ಎಲ್ಲರೂ ಕಿವಿಗೊಟ್ಟೆವು. ಬೀದಿಯಲ್ಲಿ ಆಟೋ ಹೋದದ್ದು ಬಿಟ್ಟರೆ ಏನೂ ಕೇಳಿಸಲಿಲ್ಲ.

ಕೊನೆಗೆ ಎಬ್ಬಿಸಲು ಬಗ್ಗಿದರೆ ಲಕ್ಷ್ಮಮ್ಮ ಕಣ್ಣು ಬಿಡದೆ, "ಇರ್ರಮ್ಮ, ಸೊಪ್ಪು ಹಾಕೋಕೆ ಇನ್ನೂ ಹೊತ್ತೈತೆ" ಎಂದರು. ಅವರ ಮನೆಯಲ್ಲಿ ಹುಳ ಸಾಕುವುದು ನಿಂತು ಎಷ್ಟೋ ವರ್ಷವಾಗಿದೆ. ಅದು ಗೀತಾಳಿಗೂ ಗೊತ್ತು.

"ಮಲಗಿರಿ ಅಮ್ಮ, ಹೊತ್ತಾದಾಗ ನಾನೇ ಎಬ್ಬಿಸ್ತೀನಿ" ಎಂದಳು ಗೀತಾ.

ಬಾಗಿಲಲ್ಲಿ 'ಎಲ್ಲ ಮೈಕಟ್ಟಿನವರಿಗೂ ಯೋಗ' ಎಂದು ಬೋರ್ಡು ಹಾಕಿಕೊಂಡವಳು ನಾನು. ಕುರ್ಚಿ ಕೊಟ್ಟೆನೆಂದು ವರ್ಷವಿಡೀ ಬೀಗಿದೆ. ನೆಲ ಬೇಕಾ ಎಂದು ಒಂದು ದಿನವೂ ಕೇಳಿರಲಿಲ್ಲ.