ದೇವರ ಜೊತೆ ಮಾತಾಡುವ ತರಗತಿ

ಹೆಂಡತಿ ದೇವರ ಮುಂದೆ ಶ್ಲೋಕ ಹೇಳುವುದನ್ನು ನಿಲ್ಲಿಸಿದಾಗ ನನಗೆ ಮೊದಲು ಅನುಮಾನ ಬಂತು. ತೊಂಬತ್ತರ ದಶಕದ ಮಾತು; ಅಮೆರಿಕದ ಹರ್ನ್‌ಡನ್‌ನಲ್ಲಿದ್ದೆವು. ಅವಳ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಮನೆಯಲ್ಲಿ ಕೂತು ಬೇಸರವೆಂದು ಶನಿವಾರ ಬೆಳಿಗ್ಗೆ ಕಾಲೇಜಿನ ಒಂದು ತರಗತಿಗೆ ಸೇರಿದ್ದಳು. ಆರುನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ಕ್ರೈಸ್ತ ಅನುಭಾವಿಗಳು ದೇವರನ್ನು ಯಾವ ಮಾತಿನಲ್ಲಿ ಹಿಡಿದರು ಎನ್ನುವುದು ಪಾಠ.

ಕೋಟು ನೇತುಹಾಕುವ ಕ್ಲೋಸೆಟ್ಟೇ ನಮ್ಮ ದೇವರಮನೆ. ಅದರ ಮುಂದೆ ಕಣ್ಣುಮುಚ್ಚಿ ಸುಮ್ಮನೆ ಕೂರುತ್ತಿದ್ದಳು.

“ಶ್ಲೋಕ ಮರೆತ್ಹೋಯ್ತಾ?”

“ಇಲ್ಲಾ ರೀ. ಮಾತು ಬಿಟ್ಟು ಕೂತ್ರೆ ದೇವರು ಹತ್ರ ಆಗ್ತಾನೆ ಅಂತ ಅವರಲ್ಲೊಬ್ಬರು ಬರೆದಿದಾರೆ. ಟ್ರೈ ಮಾಡ್ತಿದೀನಿ.”

ಮೇಲಿನ ಮನೆಯ ಅಂಕಲ್‌ಗೆ ಹೇಳಿದೆ. “ಹೀಗೇ ಕಣಪ್ಪಾ ಶುರುವಾಗೋದು. ಮೊದಲು ಕಣ್ಣು ಮುಚ್ಚಿಸ್ತಾರೆ, ಆಮೇಲೆ ಈಸ್ಟರ್‌ಗೆ ಅಂತ ಚರ್ಚಿಗೆ ಕರೀತಾರೆ” ಎಂದರು.

ಅಂದೇ ಅವಳ ನೋಟ್‌ಬುಕ್ ತೆರೆದೆ. ‘ದೇವರನ್ನು ತಾಯಿ ಎಂದವಳು’ ಎಂದಿತ್ತು. ಅದರ ಕೆಳಗೆ, ‘ಈ ಶನಿವಾರ ನನ್ನ ಸರದಿ. ಇವರಿಗೆ ಹೇಳಬಾರದು.’

ಮತ ಬದಲಾಯಿಸುವ ಸರದಿಯೇ ಇರಬೇಕು ಎಂದುಕೊಂಡೆ. ತರಗತಿ ಬಿಡಿಸಿಯೇ ತೀರುವುದೆಂದು ಶನಿವಾರ ಅವಳ ಹಿಂದೆಯೇ ಹೋಗಿ ಕೊನೆಯ ಸಾಲಿನಲ್ಲಿ ಕೂತೆ. ಬಿಳಿಗೂದಲ ಟೀಚರ್ ನಕ್ಕು ಕಾಫಿ ಕೊಟ್ಟರು. ಮುಟ್ಟಲಿಲ್ಲ.

ಪಂಡಿತರ ಲ್ಯಾಟಿನ್ ಬಿಟ್ಟು ಇವರು ಮನೆಮಾತಿನಲ್ಲಿ ಬರೆದರು ಎಂದು ಆಕೆ ವಿವರಿಸಿದರು. ಯಾವ ಹೆಸರೂ ದೇವರಿಗೆ ಸಾಲದು ಎಂದರಂತೆ ಒಬ್ಬರು. ಇನ್ನೊಬ್ಬಳು ಮಾತು ಸಾಲದೆ ಎಲ್ಲರೆದುರು ಗಟ್ಟಿಯಾಗಿ ಅತ್ತಳಂತೆ. “ನಿಮ್ಮ ಮನೆಯಲ್ಲಿ ಅಂಥವರು ಇದ್ದರೇ?” ಎಂದು ಕೇಳಿದರು.

ಹೆಂಡತಿ ಎದ್ದಳು. ಅವಳ ತಡವರಿಸುವ ಇಂಗ್ಲಿಷಿನಲ್ಲಿ ಬಂದವಳು ನನ್ನ ಅಜ್ಜಿ! ಮೈಸೂರಿನ ಮನೆಯಲ್ಲಿ ಹಿತ್ತಾಳೆ ಕೃಷ್ಣನನ್ನು ಹುಣಸೆಹಣ್ಣಿನಿಂದ ತಿಕ್ಕುವಾಗ, ಮಗುವಿಗೆ ಸ್ನಾನ ಮಾಡಿಸಿದ ಹಾಗೆ ಅವನ ಜೊತೆ ಮಾತಾಡುತ್ತಿದ್ದ ಅಜ್ಜಿ. ಹತ್ತು ಸಲ ನಾನೇ ಹೇಳಿದ ಕತೆ. “ದಯವಿಟ್ಟು ಅಲುಗಾಡಬೇಡ, ಕೃಷ್ಣ” ಎನ್ನುತ್ತಿದ್ದರು ಎಂದು ಮುಗಿಸಿದಳು.

ಕಾರಿನಲ್ಲಿ ಕೇಳಿದಳು: “ಬಿಡಿಸ್ಬೇಕೂಂತ ತಾನೇ ಬಂದಿದ್ದು?”

“ನನಗ್ಯಾಕೆ ಮುಚ್ಚಿಟ್ಟೆ?”

“ಹೇಳಿದ್ರೆ ಕತೆ ನೀವೇ ಹೇಳ್ತಿದ್ರಿ, ನಂಗೆ ಬಾಯಿ ಬಿಡಕ್ಕೆ ಬಿಡ್ತಿದ್ರಾ?”

ಟೋಲ್ ರೋಡ್ ಬರುವವರೆಗೂ ತಡೆದುಕೊಂಡೆ. “ಅಜ್ಜಿ ದಯವಿಟ್ಟು ಅನ್ನೋಳೇ ಅಲ್ಲ ಕಣೇ. ‘ನೆಟ್ಟಗೆ ನಿಂತ್ಕೊಳ್ಳೋ ಕತ್ತೆ, ಹುಳಿ ಕಣ್ಣಿಗೆ ಬಿದ್ರೆ ಆಮೇಲೆ ಅಳ್ಬೇಡ’ ಅಂತಿದ್ಲು. ಮುಂದಿನ ವಾರ ಹೋಗಿ ಸರಿಯಾಗಿ ಹೇಳು.”

ಅವಳು ನಕ್ಕಳು.

“ಆದ್ರೆ ಈಸ್ಟರ್‌ಗೆ ಕರೆದ್ರೆ,” ಎಂದೆ, “ಮೊದಲು ನಂಗೆ ಹೇಳು.”