ರೈಟರ್ ಬಸಣ್ಣನ ತೋಟಕ್ಕೆ ಮೋಟಾರ್ ಸೈಕಲ್ಲಿನಲ್ಲಿ

ಆ ಮಂಗಳವಾರ ರಾಣೆಬೆನ್ನೂರಿನಲ್ಲಿ ವಿಶೇಷವೇನೂ ನಡೆಯಲಿಲ್ಲ. ಅರಳೆ ಅಂಗಡಿಯಲ್ಲಿ ಎರಡು ಗಾಡಿ ಹತ್ತಿ ತೂಗಿಸಿದೆ. ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಯ ಉಂಡು ಅಂಗಡಿಯ ಸಾಹುಕಾರರ ಮೋಟಾರ್ ಸೈಕಲ್ಲಿನ ಸರಪಳಿಗೆ ಎಣ್ಣೆ ಬಿಟ್ಟೆ. ಸಂಜೆ ಅವ್ವ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದಳು.

ಮರುದಿನ ಬೆಳಿಗ್ಗೆ ತಂತಿ ಬಂತು. ಕಳಸದ ಹತ್ತಿರ ಒಂದು ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ನನ್ನ ಅಣ್ಣ ಬಸಣ್ಣನಿಗೆ ಜ್ವರ ವಿಪರೀತ, ಕೂಡಲೇ ಹೊರಡಿ ಎಂದಿತ್ತು. ಕಡೂರಿನವರೆಗೆ ರೈಲಿದ್ದರೂ ಮುಂದೆ ಬಸ್ಸುಗಳಿಗೆ ಕಾಯುತ್ತ ಎರಡು ದಿನ ಕಳೆದುಹೋಗುತ್ತಿತ್ತು. ಸಾಹುಕಾರರು ಕೇಳುವ ಮೊದಲೇ ಮೋಟಾರ್ ಸೈಕಲ್ ಕೊಟ್ಟರು. ಮಲೆನಾಡಿನ ನೀರು ಕುಡಿದರೆ ಜ್ವರ ಬರುತ್ತದೆಂದು ನಮ್ಮ ಕಡೆ ಎಲ್ಲರೂ ಹೆದರುತ್ತಿದ್ದರು. ಅವ್ವ ಇಷ್ಟೇ ಹೇಳಿದಳು: "ಕಾಸಿದ ನೀರಷ್ಟ ಕುಡಿ."

ನಮ್ಮೂರು ಆಗ ಬ್ರಿಟಿಷರ ಮುಂಬಯಿ ಇಲಾಖೆಯಲ್ಲಿತ್ತು. ಹರಿಹರದ ಸೇತುವೆ ದಾಟಿದರೆ ಮೈಸೂರು ಸೀಮೆ, ನಾನು ಕಾಣದ ರಾಜ್ಯ. ಆ ದಿನ ನೂರು ಮೈಲಿಗೂ ಹೆಚ್ಚು ಬಯಲು ದಾರಿ ಓಡಿಸಿ ಕತ್ತಲಾಗುವ ಮೊದಲು ಚಿಕ್ಕಮಗಳೂರು ಸೇರಿದೆ. ಛತ್ರದಲ್ಲಿ ಮಲಗಿದೆ, ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಊರ ಹಿಂದೆ ಬಾಬಾಬುಡನ್‌ಗಿರಿ ಮೋಡದಲ್ಲಿ ಅರ್ಧ ಮುಚ್ಚಿತ್ತು. ಅಷ್ಟು ಎತ್ತರದ ನೆಲವನ್ನು ಅಲ್ಲಿಯವರೆಗೆ ನಾನು ನೋಡಿರಲಿಲ್ಲ.

ಮೂಡಿಗೆರೆಗೆ ಇಪ್ಪತ್ತು ಮೈಲಿ. ಹೂಮಳೆ ಬಿದ್ದು ಕಾಫಿ ಗಿಡಗಳೆಲ್ಲ ಹೂಬಿಟ್ಟು ಬೆಳ್ಳಗಾಗಿದ್ದವು. ಆ ಪರಿಮಳಕ್ಕೆ ನನಗೆ ತಲೆ ತಿರುಗಿತು. ಮರಗಳು ಮೇಲೆ ಕೂಡಿಕೊಂಡು ಹಗಲಲ್ಲೇ ಮಬ್ಬು. ಪ್ರತಿ ತಿರುವಿನಲ್ಲೂ ಎದುರಿಗೆ ಏನಿದೆಯೋ ಎಂದು ಕೈ ಬ್ರೇಕಿನ ಮೇಲೇ ಇರುತ್ತಿತ್ತು.

ಮೂಡಿಗೆರೆಯ ಹೋಟೆಲಿನಲ್ಲಿ ಒಂದಾಣೆಗೆ ಇಡ್ಲಿ, ಕಾಫಿ. ಪಕ್ಕದಲ್ಲಿ ಕಳಸದ ಕಡೆಯಿಂದ ಬಂದ ಬಸ್ಸಿನ ಡ್ರೈವರು ಕುಳಿತಿದ್ದ. ದಾರಿ ಹೇಗಿದೆ ಎಂದು ಕೇಳಿದೆ.

"ಕೊಟ್ಟಿಗೆಹಾರ ದಾಟಿದ್ ಮೇಲೆ ಬ್ರೇಕು ನಂಬಬೇಡಿ, ದೇವ್ರನ್ನ ನಂಬಿ ಮಾರಾಯ್ರೆ. ದೇವ್ರೂ ಅಲ್ಲಿ ಇಳಿದು ನಡೀತಾನೆ" ಎಂದು ನಕ್ಕ.

ಯಾವ ತೋಟಕ್ಕೆಂದು ಹೇಳಿದಾಗ ಅವನ ನಗು ನಿಂತಿತು. ರೈಟರು ಬೆಳಗಿನ ಜಾವ ತೀರಿಕೊಂಡರೆಂದೂ, ಊರಿನವರು ಬರಲೆಂದು ಕೂಲಿಗಳ ಮೇಸ್ತ್ರಿ ಹೆಣವನ್ನು ಹೂಳದೆ ಇಟ್ಟು ಕಾಯುತ್ತಿದ್ದಾನೆಂದೂ ತಿಳಿಸಿದ. ಕಾಫಿಯ ದುಡ್ಡು ಅವನೇ ಕೊಟ್ಟ.

ನಮ್ಮವರಲ್ಲಿ ಸತ್ತವರನ್ನು ಕೂರಿಸಿ ಹೂಳುತ್ತಾರೆ. ಮನೆಯವನೊಬ್ಬ ಮುಖ ತೊಳೆದು ವಿಭೂತಿ ಹಚ್ಚಿ ಅಂಗೈಯಲ್ಲಿ ಲಿಂಗ ಇಡಬೇಕು. ಇನ್ನು ಉಳಿದದ್ದು ಸುಮಾರು ಮೂವತ್ತೈದು ಮೈಲಿ. ಹೊತ್ತು ಮುಳುಗುವುದರೊಳಗೆ ಮುಟ್ಟಬೇಕಿತ್ತು.

ಕೊಟ್ಟಿಗೆಹಾರದ ಆಚೆ ದಾರಿ ಗುಡ್ಡಕ್ಕೆ ಅಂಟಿಕೊಂಡು ಹೋಗುತ್ತದೆ. ಎಡಗಡೆ ಕಣಿವೆ, ತಳದಲ್ಲಿ ನೀರಿನ ಸದ್ದಿತ್ತು, ನೀರು ಕಾಣುತ್ತಿರಲಿಲ್ಲ. ಅದಕ್ಕಿಂತ ಹೆಚ್ಚು ಹೆದರಿಸಿದ್ದು ಜನರಿಲ್ಲದಿರುವುದು. ಒಂದು ಕವಲಿನಲ್ಲಿ ದಾರಿ ಕೇಳಲು ಕೂಲಿಗಳ ಸಾಲುಮನೆಗಳಿಗೆ, ಅವರು ಲೈನು ಎನ್ನುವಲ್ಲಿಗೆ, ಹೋದೆ. ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು, ಒಬ್ಬರೂ ಇರಲಿಲ್ಲ. ಎಲ್ಲರನ್ನೂ ಜ್ವರವೇ ಒಯ್ದಿತೇ ಎನಿಸಿ ಬೇಗ ಗಾಡಿ ಹತ್ತಿದೆ. ಊಹೆಯ ಮೇಲೆ ಬಲಕ್ಕೆ ತಿರುಗಿದೆ. ಮೂರು ಮೈಲಿಯ ಮೇಲೆ ದಾರಿ ಒಂದು ಬೋಳುಗುಡ್ಡದ ಅಂಚಿನಲ್ಲಿ ಮುಗಿಯಿತು. ಗಾಡಿಯನ್ನು ತಳ್ಳಿ ತಿರುಗಿಸುವಾಗ ಹಿಂದಿನ ಚಕ್ರದ ಕೆಳಗಿನ ಕಲ್ಲು ಜಾರಿ ಕಣಿವೆಗೆ ಬಿತ್ತು. ಅದು ತಳ ಮುಟ್ಟಿದ್ದು ಕೇಳಿಸಲೇ ಇಲ್ಲ.

ಮರಳಿ ಕವಲಿಗೆ ಬಂದಾಗ ಸೌದೆ ಹೊತ್ತ ಮುದುಕಿಯೊಬ್ಬಳು ಓಡಲಾಗದೆ ತಲೆ ಬಗ್ಗಿಸಿ ಕುಳಿತಿದ್ದಳು. "ಒಣಗಿದ್ದೇ ತಗಂಡಿದೀನಿ ದೊರೆ" ಎಂದಳು.

"ನಾ ದೊರೆ ಅಲ್ಲಬೇ. ರೈಟರ್ ಬಸಣ್ಣನ ತಮ್ಮ."

ಮುದುಕಿ ತಲೆಯೆತ್ತಿದಳು. "ಮತ್ತೆ ದೊರೆ ಗಾಡಿ ಯಾಕೆ ಹತ್ತಿದ್ದೀಯ ಮಾರಾಯ? ಊರೆಲ್ಲ ಕಾಡಿಗೆ ಓಡ್ತು."

ಆ ಕಡೆಯಲ್ಲಿ ಮೋಟಾರ್ ಸೈಕಲ್ ಇದ್ದದ್ದು ತೋಟದ ದೊರೆಯ ಬಳಿ ಮಾತ್ರವಂತೆ. ಅವಳು ಎಡದಾರಿ ತೋರಿಸಿದಳು.

ತೋಟ ಮುಟ್ಟಿದಾಗ ಗುಡ್ಡದ ನೆತ್ತಿಯಲ್ಲಿ ಇನ್ನೂ ಬಿಸಿಲಿತ್ತು. ಲೈನಿನ ಮುಂದೆ ಐದಾರು ಮಂದಿ ಸಾಲಾಗಿ ಕೈಕಟ್ಟಿ ನಿಂತಿದ್ದರು. ಅವರ ಮೊಣಕೈವರೆಗೆ ಕೆಂಪು ಮಣ್ಣು. ನಾನು ಯಾರೆಂದು ಹೇಳಿದೆ. ಮೇಸ್ತ್ರಿ ಅಲ್ಲೇ ಕುಸಿದು ಕುಳಿತ.

ಅವನು ಹೇಳಿದ್ದು ಇಷ್ಟು. ಜ್ವರದ ಹೆಣವನ್ನು ಲೈನಿನಲ್ಲಿ ಇಟ್ಟುಕೊಳ್ಳಬಾರದೆಂದು ದೊರೆಯ ಕಟ್ಟಪ್ಪಣೆ. ದೊರೆ ಚಿಕ್ಕಮಗಳೂರಿಗೆ ಹೋಗಿದ್ದರಿಂದ ಧೈರ್ಯ ಮಾಡಿ ಇಟ್ಟಿದ್ದರು, ಗುಂಡಿಯನ್ನೂ ತೋಡಿದ್ದರು. ಮಧ್ಯಾಹ್ನದ ಮೇಲೆ ಎದುರಿನ ಬೋಳುಗುಡ್ಡದಲ್ಲಿ ಮೋಟಾರ್ ಸೈಕಲ್ಲಿನ ಸದ್ದು ಕೇಳಿತು.

"ದೊರೆ ಬಂದ್ರು ಅಂತ ತಿಳ್ಕಂಡ್ವಿ ಸ್ವಾಮಿ. ಕೂರಿಸೋಕೂ ಹೊತ್ತಿರ್ಲಿಲ್ಲ, ಮಲಗ್ಸಿ ಮುಚ್ಚಿಬಿಟ್ವಿ. ಕೊರಳಲ್ಲಿದ್ದ ಲಿಂಗ ಹಾಗೇ ಇದೆ."

ಆ ಬೋಳುಗುಡ್ಡದ ಮೇಲೆ ಇದ್ದವನು ನಾನೇ.

ಗುಂಡಿ ಸಿಲ್ವರ್ ಓಕ್ ಮರದ ಕೆಳಗಿತ್ತು. ಮಣ್ಣು ಇನ್ನೂ ಹಸಿ. ಮೇಸ್ತ್ರಿ ಹಾರೆ ಹಿಡಿದು ಬಂದು ನಿಂತ. "ಒಂದ್ ಮಾತು ಹೇಳಿ, ತೆಗೀತೀವಿ. ನೀವು ಮುಖ ನೋಡಿ, ನಿಮ್ಮ ಕ್ರಮದಂಗೆ ಮಾಡಿ. ದೊರೆಗೆ ನಾನು ಹೇಳ್ಕೊಳ್ತೀನಿ."

ಅಣ್ಣ ನನಗಿಂತ ಆರು ವರ್ಷ ದೊಡ್ಡವನು. ನನ್ನ ಕೈ ಹಿಡಿದು ಓಣಿ ದಾಟಿಸುತ್ತಿದ್ದವನು. ನನಗೆ ಜ್ವರದ ಹೆದರಿಕೆಯಾಯಿತು, ಆ ಮಣ್ಣಿನ ಹೆದರಿಕೆಯಾಯಿತು. ಬೇಡ ಎಂದೆ. ಮೇಸ್ತ್ರಿ ಇನ್ನೊಮ್ಮೆ ಕೇಳಿದ. ಇನ್ನೊಮ್ಮೆಯೂ ಬೇಡ ಎಂದೆ.

ಮೂರನೆಯ ದಿನ ಬಂದ ದಾರಿಯಲ್ಲೇ ಇಳಿದೆ. ಸದ್ದು ಕೇಳಿ ಯಾರೂ ಓಡಲಿಲ್ಲ, ಸುದ್ದಿ ಹಬ್ಬಿತ್ತು. ಕೆಲವರು ದಾರಿಯ ಬದಿಗೆ ಬಂದು ಕೈಮುಗಿದು ನಿಂತರು. ಅದನ್ನು ನೋಡುವುದು ಕಣಿವೆಯನ್ನು ನೋಡುವುದಕ್ಕಿಂತ ಕಷ್ಟವಾಯಿತು.

ಮನೆಯಲ್ಲಿ ಎಲ್ಲವನ್ನೂ ಹೇಳಿದ್ದೇನೆ, ಮೇಸ್ತ್ರಿ ಕೇಳಿದ ಮಾತೊಂದನ್ನು ಬಿಟ್ಟು. ಅಣ್ಣನ ಮುಖವನ್ನು ನಾನು ನೋಡಲಿಲ್ಲ.